ಗೋಣಿ ಚೀಲದ ಮೇಲೆ ಎರಡು ಹಿಡಿ ಮಣ್ಣು

ನಾನು ಚಿಕ್ಕವನಿದ್ದಾಗ ಅಪ್ಪ ಬಾಯ್ತುಂಬ ನಕ್ಕಿದ್ದನ್ನು ಒಂದೇ ಒಂದು ಸಲ ನೋಡಿದ್ದೆ. ಅದು ಆದೋನಿಯ ಒಂದು ಟಾಕೀಸಿನಲ್ಲಿ. ಆಸ್ಪರಿ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಹತ್ತಿಯ ಗಾಡಿ ಹೊಡೆದುಕೊಂಡು ಹೊರಟಿದ್ದ. ಹಟ ಮಾಡಿದ್ದಕ್ಕೆ ಅಕ್ಕನನ್ನೂ ನನ್ನನ್ನೂ ಹತ್ತಿಯ ಮೇಲೆ ಕೂರಿಸಿಕೊಂಡಿದ್ದ. ಅವ್ವ ಮನೆಯಲ್ಲೇ ಉಳಿದಳು. ಹತ್ತಿ ಮಾರಿದ ಮೇಲೆ ಅಪ್ಪನಿಗೆ ಏನನ್ನಿಸಿತೋ, ನಮ್ಮಿಬ್ಬರ ಕೈ ಹಿಡಿದು ನೆಲದ ಟಿಕೆಟ್ಟು ತೆಗೆಸಿದ.

ಒಳಗೆ ಬೀಡಿಯ ಹೊಗೆ, ಹುರಿದ ಶೇಂಗಾದ ವಾಸನೆ. ಕೂತಲ್ಲೆಲ್ಲ ಸಿಪ್ಪೆ ಚುಚ್ಚುತ್ತಿತ್ತು. ದೊಡ್ಡ ಸಿನಿಮಾ ಯಾವುದೆಂಬುದು ನನಗೀಗ ನೆನಪಿಲ್ಲ. ಅದಕ್ಕೂ ಮೊದಲು ಹತ್ತು ನಿಮಿಷ ಒಂದು ಗೊಂಬೆ ಪಿಚ್ಚರ್ ಬಿಟ್ಟರು. ನೀವು ಕಾರ್ಟೂನ್ ಅನ್ನುತ್ತೀರಲ್ಲ, ಅದೇ, ಆದರೆ ಬರೀ ಕಪ್ಪು ಬಿಳುಪು. ಒಂದು ಡೊಳ್ಳುಹೊಟ್ಟೆಯ ಕರಡಿ, ಒಂದು ಮೇಕೆಮರಿ. ಮೇಕೆಮರಿ ಗುಂಡಿ ತೋಡಿ, ಮೇಲೆ ಬಟ್ಟೆ ಹಾಸಿ, ಮಣ್ಣು ಉದುರಿಸಿ ಮರೆಯಲ್ಲಿ ನಿಂತಿತು. ಕರಡಿ ಕುಣಿಯುತ್ತ ಬಂತು. ಬಟ್ಟೆ ಕುಸಿಯಿತು, ಕರಡಿ ಮಾತ್ರ ಗಾಳಿಯಲ್ಲೇ ನಿಂತಿತ್ತು. ಕೆಳಗೆ ನೋಡಿತು, ನಮ್ಮ ಕಡೆ ನೋಡಿತು, ಕಾಲು ಸೈಕಲ್ ತುಳಿದ ಹಾಗೆ ಆಡಿಸಿತು, ಆಮೇಲೆ ಬಿತ್ತು. ಅದು ಬೀಳುವಾಗ ಪೀಪಿಯ ಸದ್ದೂ ಜೊತೆಯಲ್ಲೇ ಜಾರಿ ಬಿತ್ತು. ಮರುಗಳಿಗೆಗೆ ಕರಡಿ ರೊಟ್ಟಿಯಂತೆ ಚಪ್ಪಟೆಯಾಗಿ ಮೇಲೆ ಬಂದು, ಮೈ ಕೊಡವಿ, ಉಬ್ಬಿ, ಮತ್ತೆ ಕುಣಿಯತೊಡಗಿತು.

ಆ ಪಿಚ್ಚರಿನಲ್ಲಿ ಒಂದೂ ಮಾತಿರಲಿಲ್ಲ. ಕನ್ನಡದವರು, ತೆಲುಗಿನವರು, ಉರ್ದು ಮಾತಾಡುವವರು ಎಲ್ಲರೂ ಒಟ್ಟಿಗೆ ನಕ್ಕರು. ನಮ್ಮ ಪಕ್ಕದಲ್ಲಿದ್ದ ಮುದುಕ "ಪಡ್ಡಾಡ್ರಾ, ಪಡ್ಡಾಡು!" ಎಂದು, ಬಿದ್ದನೋ ಬಿದ್ದ ಎಂದು, ತೆಲುಗಿನಲ್ಲಿ ಕೂಗುತ್ತ ತೊಡೆ ತಟ್ಟಿಕೊಂಡ. ಅಪ್ಪನ ಕಡೆ ತಿರುಗಿದೆ. ಹೊಲ, ಎತ್ತು, ಮೋಡ ಇಷ್ಟನ್ನೇ ದಿಟ್ಟಿಸುತ್ತಿದ್ದ ನಮ್ಮ ಅಪ್ಪ, ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತ, ಉಸಿರು ಸಿಕ್ಕಿಕೊಳ್ಳುವಷ್ಟು ನಗುತ್ತಿದ್ದ. ನನಗೆ ಕರಡಿಗಿಂತ ಅದೇ ಚೆಂದ ಕಂಡಿತು.

ವಾಪಸು ಬರುವಾಗ ಗಾಡಿಯಲ್ಲಿ ಅಕ್ಕ ಕೇಳಿದಳು, "ಅಪ್ಪಾ, ಆ ಕರಡಿಗೆ ಎಲುಬು ಮುರಿಯಾಂಗಿಲ್ಲೇನು?"

"ಗೊಂಬಿಗೆ ಎಲುಬು ಎಲ್ಲಿಂದ ಬರ್ತಾವ, ಹುಚ್ಚಿ? ಅದು ಬರೇ ಗೀಟು. ಯಾರೋ ಕುಂತು ಗೀಚಿದ್ದು," ಎಂದ ಅಪ್ಪ.

ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಬೇಸಿಗೆ ಕಳೆದು, ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ದಿನ ಬಂತು. ಆಗ ನಮ್ಮ ಕಡೆ ಮನೆಗಳೆಲ್ಲ ಕಲ್ಲುಗೋಡೆ, ಮಣ್ಣಿನ ಮಾಳಿಗೆ. ಪ್ರತಿ ವರ್ಷ ಊರ ಹೊರಗಿನ ಚೌಳು ಮಣ್ಣು ತಂದು ಮೇಲೆ ಹರಡಿ ಬಡಿದರೆ ಮನೆ ಸೋರುತ್ತಿರಲಿಲ್ಲ. ಅಡುಗೆಮನೆಯ ಮೇಲೆ, ಹೊಗೆ ಹೋಗಲು, ಒಂದೂವರೆ ಮೊಳದ ಬೆಳಕಿಂಡಿ. ಅದನ್ನು ತೆಳ್ಳನೆಯ ಹಾಸುಗಲ್ಲಿನಿಂದ ಮುಚ್ಚುತ್ತಿದ್ದರು. ಮಣ್ಣು ಹಾಕುವ ದಿನ ಮನೆಯೊಡತಿ ಬೆಳಿಗ್ಗೆಯೇ ರೊಟ್ಟಿ ಸುಟ್ಟು, ಒಲೆ ಆರಿಸಿ, ಮಾಳಿಗೆ ಹತ್ತಿ ತನ್ನ ಕೈಯಾರೆ ಆ ಕಲ್ಲು ಎಳೆದು ಮುಚ್ಚಬೇಕು. ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತವರಿಗೆ ಕಾಲ ಕೆಳಗಿನದು ಕಾಣುವುದಿಲ್ಲವಲ್ಲ, ಅದಕ್ಕೆ. ಅವತ್ತು ಅವ್ವ ಮುಚ್ಚಿದ್ದಳು. ನಾನು ಕಣ್ಣಾರೆ ನೋಡಿದ್ದೆ.

ಹೊತ್ತೇರಿದ ಮೇಲೆ ಅಪ್ಪ ಮಜ್ಜಿಗೆ ಕುಡಿಯಲು ಕೆಳಗಿಳಿದ. ಅವ್ವ ಅಂಗಳದಲ್ಲಿ ಪುಟ್ಟಿಗೆ ಮಣ್ಣು ತುಂಬುತ್ತಿದ್ದಳು. ಮಾಳಿಗೆಯ ಮೇಲೆ ನಾನೊಬ್ಬನೇ ಇದ್ದೆ. ಟಾಕೀಸಿನಲ್ಲಿ ನಕ್ಕ ಹಾಗೆ ಅಪ್ಪನನ್ನು ಇನ್ನೊಮ್ಮೆ ನಗಿಸಬೇಕೆಂದು, ಕೂತು ಎರಡೂ ಕಾಲಿನಿಂದ ಒದ್ದು ಕಲ್ಲು ಸರಿಸಿದೆ. ಬೆಳಕಿಂಡಿಯ ಮೇಲೆ ಗೋಣಿ ಚೀಲ ಹಾಸಿ, ಅದರ ಮೇಲೆ ಎರಡು ಹಿಡಿ ಮಣ್ಣು ಉದುರಿಸಿದೆ. ಕೆಳಗೆ ಒಂದು ಕೌದಿಯನ್ನಾದರೂ ಹಾಸಿಡಬೇಕೆಂದು ನನಗೆ ಹೊಳೆಯಲಿಲ್ಲ. ಆ ಪಿಚ್ಚರಿನಲ್ಲಿ ಯಾರೂ ಹಾಸಿರಲಿಲ್ಲ.

"ಅಪ್ಪಾ, ಲಗೂನ ಬಾ! ಒಂದು ತಮಾಷಿ ತೋರಿಸ್ತೀನಿ!" ಎಂದು ಕೂಗಿದೆ.

"ಬಂದೆ ತಡಿಯೋ ಮಂಗ್ಯಾ," ಎಂದು ಅಪ್ಪ ನಿಚ್ಚಣಿಕೆಯ ಕಡೆ ಬಂದ. ಅಕ್ಕ ಅವನಿಗಿಂತ ಮುಂದೆ, ತುಂಬಿದ ಪುಟ್ಟಿ ಹೊತ್ತು ಹತ್ತಿ ಬರುತ್ತಿದ್ದಳು. "ದಾರಿ ಬಿಡು, ದೊಡ್ಡ ಸಾಹೇಬ. ಕೆಲಸ ಇಲ್ಲ, ಬೊಗಸಿ ಇಲ್ಲ," ಎಂದು ನನ್ನನ್ನು ಅಣಕಿಸಿದಳು. ನಾನು ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟೆ.

ಅವಳು ಗಾಳಿಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಕಾಲಿಟ್ಟಳು, ಇರಲಿಲ್ಲ. ನನಗೆ ಕಿಸಕ್ಕನೆ ನಗು ಬಂತು. ಹೌದು, ನಕ್ಕೆ. ಆಮೇಲೆ ಕೆಳಗಿನಿಂದ ಸದ್ದು ಬಂತು. ಧೂಳು ಮೇಲೆದ್ದಿತು. ಅವಳು ಮೇಲೇಳುವುದನ್ನು ನಾನು ಕಾಯುತ್ತಿದ್ದೆ.

ಅಪ್ಪ ಮೇಲೆ ಬಂದು, ಬಾಯ್ದೆರೆದ ಬೆಳಕಿಂಡಿಯನ್ನೂ ಪಕ್ಕದಲ್ಲಿದ್ದ ಕಲ್ಲನ್ನೂ ನೋಡಿ ಅವ್ವನ ಮೇಲೆ ಕಿರುಚಿಕೊಂಡ. ಅಷ್ಟರಲ್ಲಿ ನಾನು ಕೊಟ್ಟಿಗೆಯ ತಗ್ಗು ಮಾಡಿನಿಂದ ಹಿತ್ತಲಿಗೆ ಜಿಗಿದು, ಹಿಂಬಾಗಿಲಿನಿಂದ ಅಡುಗೆಮನೆಗೆ ಓಡಿದ್ದೆ. ಅಕ್ಕ ಒಲೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಳು. ಅವಳ ಕಾಲು ತಿರುಗಬಾರದ ಕಡೆ ತಿರುಗಿತ್ತು. ನಾನು ಅವಳನ್ನು ಮುಟ್ಟಲಿಲ್ಲ. ಅವಳ ಸೊಂಟದ ಕೆಳಗಿನಿಂದ ಗೋಣಿ ಚೀಲ ಎಳೆದುಕೊಂಡು ಹೋಗಿ ಕೊಟ್ಟಿಗೆಯ ಮೇವಿನ ಅಡಿಯಲ್ಲಿ ತುರುಕಿದೆ. ಕಲ್ಲು ಸರಿಸಿದ್ದು ಹುಡುಗಾಟ ಎನ್ನಬಹುದು. ಚೀಲ ಬಚ್ಚಿಟ್ಟ ಕೈ ಹುಡುಗನದಲ್ಲ.

"ಒಂದು ಕಲ್ಲು ಎಳಿಯಾಕ ಬರಲಿಲ್ಲೇನು ನಿಂಗ? ಕಣ್ಣು ಎಲ್ಲಿಟ್ಟಿದ್ದಿ?" ಎಂದು ಅಪ್ಪ ಕೂಗುತ್ತಲೇ ಇದ್ದ.

"ಮುಚ್ಚಿದ್ದೆ. ರೊಟ್ಟಿ ಸುಟ್ಟ ಮ್ಯಾಲೆ ಮುಚ್ಚಿದ್ದೆ," ಎಂದಳು ಅವ್ವ. ಸ್ವಲ್ಪ ಹೊತ್ತಿಗೆ, "ಮುಚ್ಚಿದ್ನೋ ಇಲ್ಲೋ," ಎಂದಳು. ಸಂಜೆಯ ಹೊತ್ತಿಗೆ "ನಾನೇ ಮರ್ತೆ, ನನ್ನ ಕೈ ಸೇದಿ ಹೋಗ್ಲಿ," ಎಂದು ಎದೆ ಬಡಿದುಕೊಂಡಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನಾನು ತೋರಿಸುತ್ತೇನೆಂದ ತಮಾಷೆ ಏನೆಂದು ಯಾರೂ ಕೇಳಲಿಲ್ಲ.

ಪತ್ತಿಕೊಂಡ ಊರಿನ ಕಡೆಯ ನಾಟಿವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು, ಆದರೆ ಒಂದು ಕಾಲು ಗಿಡ್ಡವಾಯಿತು. ನೋಡಿ ಹೋಗಿದ್ದ ಗಂಡಿನವರು ತಿರುಗಿ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಅಕ್ಕನನ್ನು ಚಿಪ್ಪಗಿರಿಯಲ್ಲಿ ಹೆಂಡತಿ ಸತ್ತಿದ್ದ ಒಬ್ಬ ಗಂಡಸಿಗೆ ಕೊಟ್ಟರು. ಅಕ್ಕ ಅವ್ವನನ್ನು ಕ್ಷಮಿಸಲಿಲ್ಲ. ತವರಿಗೆ ಬಂದರೂ ಅವ್ವ ಬಡಿಸಿದ ತಾಟಿಗೆ ಕೈ ಹಚ್ಚುತ್ತಿರಲಿಲ್ಲ. ಅವ್ವನಂತೂ ಬದುಕಿರುವ ತನಕ, ಮಳೆ ಇರಲಿ ಬಿಡಲಿ, ದಿನಕ್ಕೆ ಮೂರು ಸಲ ಮಾಳಿಗೆ ಹತ್ತಿ ಆ ಕಲ್ಲನ್ನು ಮುಟ್ಟಿ ಬರುತ್ತಿದ್ದಳು.

ಸಾಯುವ ಮುಂಚೆ ಅವ್ವ ನನ್ನನ್ನು ಹತ್ತಿರ ಕರೆದು, "ನಾ ಬೇಕಂತ ಮಾಡ್ಲಿಲ್ಲ ಅಂತ ನಿಮ್ಮ ಅಕ್ಕಗ ಹೇಳಪಾ," ಎಂದಳು. "ಹೇಳ್ತೀನಿ ಬಿಡಬೇ," ಎಂದೆ. ಆಗಲೂ ಸತ್ಯ ನನ್ನ ಬಾಯಿಗೆ ಬರಲಿಲ್ಲ. ಅವಳ ಕೈ ನನ್ನ ಕೈಯಲ್ಲೇ ಇತ್ತು.

ಮಕ್ಕಳೇ, ನಾವು ಗೊಂಬೆ ಪಿಚ್ಚರನ್ನು ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು, ಅದೂ ನೂರಾರು ಜನರ ನಡುವೆ. ನಿಮಗೆ ಅದು ಅಂಗೈಯಲ್ಲೇ ಇದೆ. ಊಟ ಮಾಡುತ್ತ ನೋಡುತ್ತೀರಿ, ಬಿದ್ದದ್ದನ್ನು ಹಿಂದಕ್ಕೆ ಎಳೆದು ಮತ್ತೆ ಮತ್ತೆ ಬೀಳಿಸುತ್ತೀರಿ. ಮನೆಗೂ ಈಗ ಸಿಮೆಂಟಿನ ಮಾಳಿಗೆ, ಬೆಳಕಿಂಡಿಯೇ ಇಲ್ಲ. "ತಾತ ಯಾಕ ನಗವಲ್ಲ?" ಎಂದು ಕೇಳುತ್ತೀರಿ. ಆದರೆ ಅಕ್ಕ, ನಿಮ್ಮ ಚಿಪ್ಪಗಿರಿ ಅಜ್ಜಿ, ಬಂದಾಗಲೆಲ್ಲ ನಿಮ್ಮ ನಡುವೆ ಕೂತು ನಿಮಗಿಂತ ಜೋರಾಗಿ ನಗುತ್ತಾಳೆ. ನಕ್ಕು ಮುಗಿದ ಮೇಲೆ ಕಾಲು ನೀವಿಕೊಳ್ಳುತ್ತ, "ನಮ್ಮವ್ವ ಒಂದು ಕಲ್ಲು ಮುಚ್ಚಿದ್ರ ನಾನೂ ಓಡಾಡ್ತಿದ್ದೆ," ಎನ್ನುತ್ತಾಳೆ. ಈ ವಯಸ್ಸಿನಲ್ಲೂ ಎನ್ನುತ್ತಾಳೆ.

ಅವಳಿಗೆ ಓದಲು ಬರುವುದಿಲ್ಲ. ನನಗೆ ಹೇಳಲು ಬರಲಿಲ್ಲ. ಭಾನುವಾರ ಅವಳು ಬರುತ್ತಾಳೆ. ಫೋನು ಬದಿಗಿಟ್ಟು ನಾನು ಬರೆದ ಇದನ್ನು ಅವಳಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ನಾನು ನಕ್ಕಿದ್ದನ್ನೂ ಬಿಡಬೇಡಿ. ನಾನು ಎದುರಿಗೇ ಕೂತಿರುತ್ತೇನೆ. ನಡುವೆ ಎದ್ದು ಹೊರಟರೆ ನನ್ನ ಕೈ ಹಿಡಿದು ಕೂರಿಸಿ.