ಜಪಾನಿನ ಕೋಟೆಗೊಂದು ಕಳಸ

ಮೊಳಕಾಲ್ಮೂರಿನ ನೇಕಾರ ಗಾದ್ರಪ್ಪನಿಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಕೂತು ಸೊಂಟವೇ ಬಿದ್ದುಹೋಗಿತ್ತು. ಜೀವಮಾನವೆಲ್ಲ ನವಿಲು, ಮಾವು, ಗುಡಿಗೋಪುರ ನೇಯ್ದವನಿಗೆ ಈ ಸಲ ಸಾಹುಕಾರ ಒಪ್ಪಿಸಿದ್ದು ಜಪಾನಿನ ಕೋಟೆ. ಸೀರೆಯ ಸೆರಗಿನಲ್ಲಿ ಅದೇ ಬರಬೇಕಂತೆ.

ಪಕ್ಕದಲ್ಲಿ ಕೂತ ಮಗಳು ಶೃತಿ ಮೊಬೈಲ್ ನೋಡಿ ಓದಿ ಹೇಳುತ್ತಿದ್ದಳು. ಸುತ್ತ ನೀರಿನ ಕಂದಕ, ಬಾಗಿದ ಕಲ್ಲುಗೋಡೆ, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಮರದ ಮಾಳಿಗೆ. ಸಿಡಿಲು ಬಡಿದು ಸುಟ್ಟಿತು, ಕಟ್ಟಿದರು. ಯುದ್ಧದಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. ಬೆಂಕಿ ತಾಗದಿರಲೆಂದು ಮಾಡಿನ ತುದಿಗೆ ಹುಲಿಮುಖದ ಮೀನು ಕೂರಿಸಿದ್ದಾರೆ.

ಗಾದ್ರಪ್ಪ ಹೂಂಗುಟ್ಟುತ್ತ ನೇಯ್ದ. ಕೋಟೆ ಮುಗಿದ ದಿನ ಶೃತಿ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಮೀನಿರಬೇಕಾದಲ್ಲಿ ಜರಿಯ ಕಳಸ ಹೊಳೆಯುತ್ತಿತ್ತು.

“ಅಪ್ಪಾ, ಕೋಟೆಗೆ ಯಾರಾದ್ರೂ ಕಳಸ ಇಡ್ತಾರಾ?”

ಗಾದ್ರಪ್ಪ ಸೊಂಟ ಹಿಡಿದುಕೊಂಡು ನಿಟ್ಟುಸಿರಿಟ್ಟ.

“ಬಿದ್ದ ಕೋಟೇನ ನಮ್ಮ ಕಡೆ ಯಾರವ್ವ ಮತ್ತೆ ಕಟ್ಟಿದಾರೆ? ಕಲ್ಲು ಹೊತ್ಕೊಂಡು ಹೋಗ್ತಾರೆ, ಅಷ್ಟೆ. ಸುಟ್ಟಂಗೆಲ್ಲ ಕಟ್ಟಿದ್ರು ಅಂದ್ಯಲ್ಲ, ಗುಡೀನೇ ಇರ್ಬೇಕು ಅಂತ ಕೈ ತಿಳ್ಕೊಂಡ್ಬಿಡ್ತು.”

ಹಾಗೆಂದವನು ಮತ್ತೆ ಗುಂಡಿಗೆ ಕಾಲಿಳಿಸಿ, ಕಳಸವನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದ.