ಶಾಂತಪ್ಪನ ಕಿವಿ, ರುದ್ರಮ್ಮನ ಪೊರಕೆ

ನಮ್ಮ ಕಡೆಯ ಚಳಿಯನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ದಿನಕ್ಕೆ ಬಂದು, ಶಾಲು ಹೊದ್ದು, ಮಂಜು ನೋಡಿಕೊಂಡು ಹೋಗುವವರಿಗೆ ಅದು ಚೆಂದ. ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ, ಸೋಮವಾರಪೇಟೆಯಿಂದ ಶನಿವಾರಸಂತೆಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ನಾನು ಪೋಸ್ಟ್ ಮಾಸ್ಟರಾಗಿದ್ದೆ. ಡಿಸೆಂಬರ್ ಬಂತೆಂದರೆ ಮೊಹರಿನ ಮಸಿ ಗಟ್ಟಿಯಾಗುತ್ತಿತ್ತು, ಗೋಂದು ಬಾಟಲಿಯಿಂದ ಇಳಿಯುತ್ತಿರಲಿಲ್ಲ, ಸ್ಟಾಂಪಿಗೆ ಎಂಜಲು ಹಚ್ಚಲು ನಾಲಿಗೆ ಹೊರಗೆ ಹಾಕುವುದಕ್ಕೂ ಧೈರ್ಯ ಬೇಕಾಗುತ್ತಿತ್ತು. ಒಂದು ಕಂಬಳಿ ಮಂಜೂರು ಮಾಡಿ ಎಂದು ಮೇಲಿನವರಿಗೆ ಅರ್ಜಿ ಬರೆದೆ. ಬೇಸಿಗೆಯಲ್ಲಿ ಉತ್ತರ ಬಂತು, ಕಂಬಳಿಯ ಅವಶ್ಯಕತೆ ಕಾಣುವುದಿಲ್ಲವೆಂದು.

ಹಾಗಾಗಿ ಬೆಳಿಗ್ಗೆ ಟಪಾಲಿನ ಬಸ್ಸು ಬರುವವರೆಗೂ ನಾನು ರಸ್ತೆ ದಾಟಿ ಶಾಂತಪ್ಪನ ಶೆಡ್ಡಿನಲ್ಲಿ ಕೂರುತ್ತಿದ್ದೆ. ಶಾಂತಪ್ಪ ನಮ್ಮ ಸುತ್ತಿನ ಏಕೈಕ ಮೋಟಾರು ಮೆಕ್ಯಾನಿಕ್. ಮಹಾಯುದ್ಧದಲ್ಲಿ ಐದು ವರ್ಷ ಮಿಲಿಟರಿ ಲಾರಿಗಳ ಕೆಳಗೆ ಮಲಗಿದ್ದು, ಒಂದು ಪೆಟ್ಟಿಗೆ ಸ್ಪ್ಯಾನರಿನೊಂದಿಗೆ ಊರಿಗೆ ಬಂದು ಶೆಡ್ಡು ಹಾಕಿದವನು. ಚಳಿಗಾಲದಲ್ಲಿ ಅವನ ಶೆಡ್ಡೇ ನಮ್ಮ ಊರಿನ ಚಾವಡಿ. ಹಳೇ ಟೈರಿನ ಚೂರುಗಳನ್ನು ಹಾಕಿ ಹೊತ್ತಿಸಿದ ಬೆಂಕಿಯ ಸುತ್ತ ಕೂತು, ಆ ನಾತಕ್ಕೆ ಬೈಯುತ್ತಿದ್ದರೂ ಯಾರೂ ಏಳುತ್ತಿರಲಿಲ್ಲ.

ಆ ದಿನಗಳಲ್ಲಿ ಯಾವ ಕಾರೂ ತಾನಾಗಿ ಏಳುತ್ತಿರಲಿಲ್ಲ. ಬಚ್ಚಲ ಹಂಡೆಯಿಂದ ಕುದಿನೀರು ತಂದು ರೇಡಿಯೇಟರಿಗೆ ಸುರಿಯಬೇಕು, ಎಂಜಿನ್ನಿನ ಹೊಟ್ಟೆಯ ಕೆಳಗೆ ಕೆಂಡದ ಬಾಣಲೆ ಇಡಬೇಕು, ಆಮೇಲೆ ಇಬ್ಬರು ಸರದಿಯಲ್ಲಿ ಹ್ಯಾಂಡಲ್ ಹೊಡೆಯಬೇಕು. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರೂ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿದ್ದವು.

"ಎಂಥ ಮಾರಾಯ ಇದು," ಎಂದು ಪೂವಯ್ಯ ದಿನಾ ಶುರುಮಾಡುತ್ತಿದ್ದರು. ಅವರು ಪಕ್ಕದ ಕಾಫಿ ಎಸ್ಟೇಟಿನ ಧಣಿ, ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಜೀಪಿನ ಒಡೆಯರು. "ಲೈನಿನ ಆಳುಗಳು ಎಂಟು ಗಂಟೆ ಆದರೂ ಕಂಬಳಿ ಬಿಡೋದಿಲ್ಲ, ಕಾಫಿ ಪಿಕ್ಕಿಂಗ್ ಆಗೋದು ಹೇಗೆ? ಜೀಪೂ ಅವರನ್ನೇ ನೋಡಿ ಕಲಿತಿದೆ. ಶಾಂತಪ್ಪ, ನೀ ಎಂಥ ಹೇಳ್ತಿ?"

ಶಾಂತಪ್ಪ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದನೇ ಹೊರತು ಮಾತಾಡುತ್ತಿರಲಿಲ್ಲ. ಆಗ ಶೆಡ್ಡಿಗೆ ಅಂಟಿಕೊಂಡಿದ್ದ ಅವನ ಮನೆಯ ಅಡುಗೆಮನೆ ಕಿಟಕಿಯಲ್ಲಿ ಅವನ ಹೆಂಡತಿ ರುದ್ರಮ್ಮ ಕಾಣಿಸಿಕೊಳ್ಳುತ್ತಿದ್ದಳು. ಕೈಯಲ್ಲಿ ಪೊರಕೆ. ಆಕೆ ಅದನ್ನು ಎತ್ತಿ ತೋರಿಸಿದ ತಕ್ಷಣ ಶಾಂತಪ್ಪ ನಮ್ಮ ಕಡೆ ತಿರುಗಿ, ಹಲ್ಲು ಕಿರಿದು, "ಹೌದು ಹೌದು, ಚಳಿ ಜಾಸ್ತಿನೇ" ಎನ್ನುತ್ತಿದ್ದ.

ಪೊರಕೆಯೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಒಂದು ದಿನ ಒನಕೆ, ಒಂದು ದಿನ ಸೌಟು, ಇನ್ನೊಂದು ದಿನ ಊದುಕೊಳವೆ. ಗಂಡ ಎಂಜಿನ್ ಚಾಲೂ ಮಾಡುವುದೇ ತಡ, ಕಿಟಕಿಯಲ್ಲಿ ಏನಾದರೊಂದು ಆಯುಧ ಮೇಲೇಳುತ್ತಿತ್ತು. ಗಂಡಸರೆಲ್ಲ ಶಾಂತಪ್ಪನಿಗಾಗಿ ಮರುಗುತ್ತಿದ್ದೆವು. ಆಕೆಗೆ 'ಪೊರಕೆ ರುದ್ರಮ್ಮ' ಎಂದು ಹೆಸರಿಟ್ಟದ್ದು ಯಾರೆಂದು ಕೇಳಿದರೆ, ಸುಳ್ಳು ಯಾಕೆ ಹೇಳಲಿ, ನಾನೇ. ಹೆಸರು ಚೆನ್ನಾಗಿ ಓಡಿತು. ಟಪಾಲಿಗಿಂತ ಬೇಗ ಸೋಮವಾರಪೇಟೆ ತಲುಪಿತು.

ಶಾಂತಪ್ಪ ಶೆಡ್ಡು ಹಾಕಿದ ಏಳನೆಯ ವರ್ಷದ ಚಳಿಗಾಲದಲ್ಲಿ ನನ್ನ ಹೆಂಡತಿ ತವರಿಗೆ ಹೋಗಿದ್ದಳು. ನನಗೆ ಒಲೆ ಹತ್ತಿಸಲು ಬರುವುದಿಲ್ಲ. ಕೆಂಡ ಕೇಳೋಣವೆಂದು ಶಾಂತಪ್ಪನ ಮನೆಯ ಹಿತ್ತಲ ಬಾಗಿಲಿಗೆ ಹೋದೆ. ಒಳಗೆ ರುದ್ರಮ್ಮ ಕಣ್ಣು ಮುಚ್ಚಿ, ಕಿವಿಯನ್ನು ಕಿಟಕಿಯ ಸರಳಿಗೆ ಒತ್ತಿ ನಿಂತಿದ್ದಳು. ಹೊರಗೆ ಪೂವಯ್ಯನವರ ಜೀಪು ಗುಟುರು ಹಾಕುತ್ತಿತ್ತು. ಆಕೆ ಥಟ್ಟನೆ ಕಣ್ಣು ಬಿಟ್ಟು, ಗೋಡೆಯಿಂದ ಜರಡಿ ತೆಗೆದು ಕಿಟಕಿಗೆ ಹಿಡಿದಳು. ಹೊರಗೆ ಶಾಂತಪ್ಪ ತಲೆಯಾಡಿಸಿ ಕಾರ್ಬುರೇಟರ್ ಬಿಚ್ಚತೊಡಗಿದ.

"ಇದೇನು ರುದ್ರಕ್ಕ?" ಎಂದೆ.

ಆಕೆ ಬೆಚ್ಚಿ ತಿರುಗಿ, ನನ್ನನ್ನು ನೋಡಿ ಗೋಡೆಗೆ ಒರಗಿದಳು. ಆಮೇಲೆ ಎಲ್ಲ ಹೇಳಿದಳು. ಶಾಂತಪ್ಪನಿಗೆ ಯುದ್ಧದಿಂದ ಬರುವಾಗಲೇ ಕಿವಿ ಪೂರ್ತಿ ಹೋಗಿತ್ತು. ಮಾತಾಡುವವರ ತುಟಿ ನೋಡಿ ಸಂಭಾಳಿಸುತ್ತಿದ್ದ. ಎಂಜಿನ್ನಿನ ರೋಗ ಮಾತ್ರ ತುಟಿಯಲ್ಲಿ ಕಾಣುವುದಿಲ್ಲವಲ್ಲ, ಅದನ್ನು ಈಕೆ ಕೇಳಿ ಹೇಳುತ್ತಿದ್ದಳು. ಸೌಟು ಎಂದರೆ ಟ್ಯಾಪೆಟ್, ಪಾತ್ರೆಯ ಅಂಚಿಗೆ ಸೌಟು ಬಡಿದ ಹಾಗೆ ಟಿಕ್ ಟಿಕ್ ಅನ್ನುತ್ತದೆ. ಒನಕೆ ಎಂದರೆ ಬೇರಿಂಗು, ಒಳಗೆ ಕುಟ್ಟುತ್ತಿದೆ. ಊದುಕೊಳವೆ ಎಂದರೆ ಸೈಲೆನ್ಸರ್ ತೂತು. ಜರಡಿ ಎಂದರೆ ಪೆಟ್ರೋಲಿನಲ್ಲಿ ಕಸ. ತಟ್ಟೆ ಬೋರಲು ಹಿಡಿದರೆ, ಗಾಡಿಗೆ ಏನೂ ಆಗಿಲ್ಲ.

"ಮತ್ತೆ ಪೊರಕೆ?"

"ಯಾರೋ ನಿಮ್ಮನ್ನ ಮಾತಾಡಿಸ್ತಾವ್ರೆ, ತಿರುಗಿ ಅವರ ಬಾಯಿ ನೋಡಿ ಅಂತ. ಚಳಿಗಾಲದಲ್ಲೇ ಜಾಸ್ತಿ ಮಾಸ್ಟ್ರೆ. ಎಲ್ಲಾರೂ ಬಾಯಿ ಮೇಲೆ ಮಫ್ಲರ್ ಸುತ್ಕೊಂಡು ಕೂತಿರ್ತೀರ. ಇವರಿಗೆ ಒಂದಕ್ಷರ ಗೊತ್ತಾಗಕಿಲ್ಲ. ಹೌದು ಹೌದು ಅಂತಾರೆ, ಪುಣ್ಯಕ್ಕೆ ನೀವೂ ಚಳಿ ಬಿಟ್ಟು ಬೇರೆ ಮಾತಾಡಕಿಲ್ಲ."

"ನಾವು ಏನೇನೋ ಅಂದ್ಕೊಂಡಿದ್ವಲ್ಲ ರುದ್ರಕ್ಕ."

"ಅನ್ಕೊಳ್ಳಿ. ಕಿವುಡನ ಹತ್ರ ಎಂಜಿನ್ ಯಾರು ತರ್ತಾರೆ? ಯಾರ ಹತ್ರನೂ ಬಾಯಿ ಬಿಡಬೇಡಿ. ಆಣೆ ಮಾಡಿ."

ಕೆಂಡದ ಮೇಲೆ ಕೈ ಚಾಚಿ ಆಣೆ ಮಾಡಿದೆ. ಮನೆಗೆ ಬಂದಾಗ ಕೆಂಡ ಆರಿತ್ತು. ನನಗೆ ಅಂದು ಆದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಆ ವಾರವೇ ಒಂದು ಕಾರ್ಡು ಬಂತು. ಕಾರ್ಡು ಓದಬಾರದೆಂದು ನಿಯಮವಿದೆ. ಆದರೆ ಮೊಹರು ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳಬೇಕೆಂದು ನಿಯಮವಿಲ್ಲ. ಕುಶಾಲನಗರದ ಭತ್ತದ ವ್ಯಾಪಾರಿ ನಂಜಪ್ಪ ನಮ್ಮೂರಿನ ತಮ್ಮ ನೆಂಟನಿಗೆ ಬರೆದಿದ್ದರು: 'ಶಾಂತಪ್ಪನ ಮಗಳು ಯಮುನಳನ್ನು ನಮ್ಮ ಹುಡುಗನಿಗೆ ತರುವ ಯೋಚನೆ ಇದೆ. ತಾಯಿಯ ವಿಷಯ ಏನೇನೋ ಕೇಳಿದ್ದೇನೆ. ಗುರುವಾರ ಬೆಳಿಗ್ಗೆ ಕಾರು ಕೆಟ್ಟ ನೆಪದಲ್ಲಿ ಬಂದು ಕಣ್ಣಾರೆ ನೋಡಿಕೊಂಡು ಹೋಗುತ್ತೇನೆ. ಗುಟ್ಟಾಗಿರಲಿ.' ಗುಟ್ಟನ್ನು ತೆರೆದ ಕಾರ್ಡಿನಲ್ಲಿ ಬರೆಯುವ ಬೀಗರು ಸಿಕ್ಕರೆ ಹೆಣ್ಣಿನ ಕಡೆಯವರ ಗತಿಯೇನು!

ಯಮುನ ಚೆಂದದ ಹುಡುಗಿ, ಕೆಲಸದಲ್ಲಿ ಚುರುಕು. ಹಿಂದೆ ಎರಡು ಸಂಬಂಧ ಬಂದು, ಕಾರಣ ಹೇಳದೆ ಹಿಂದಕ್ಕೆ ಹೋಗಿದ್ದವು. ಕಾರಣ ನಾನಿಟ್ಟ ಹೆಸರೆಂದು ನನಗೆ ಗೊತ್ತಿತ್ತು. ಗುರುವಾರ ಬೆಳಕು ಹರಿಯುವ ಮೊದಲೇ ಹಿತ್ತಲ ಬಾಗಿಲು ತಟ್ಟಿದೆ.

"ರುದ್ರಕ್ಕ, ಇವತ್ತೊಂದು ದಿನ ಪೊರಕೆ ಮುಟ್ಟಬೇಡಿ," ಎಂದು ಎಲ್ಲ ವಿವರಿಸಿದೆ.

ಆಕೆಯ ಕಣ್ಣಲ್ಲಿ ನೀರಿತ್ತು, ಹೊಗೆಗೆ ಬಂದದ್ದಲ್ಲ. "ಎತ್ತದಿದ್ರೆ ಇವರಿಗೆ ಕೇಳಕಿಲ್ಲ ಅನ್ನೋದು ಅವರಿಗೆ ಗೊತ್ತಾಗ್ತದೆ. ಬೀಗರ ಬಾಯಿಂದ ಊರಿಗೆಲ್ಲ ಹರಡ್ತದೆ. ಶೆಡ್ಡಿಗೆ ಬೀಗ ಬಿದ್ರೆ ಮಗಳ ಮದುವೆ ಯಾವುದ್ರಲ್ಲಿ ಮಾಡೋದು?"

"ನಿಮ್ಮ ಹೆಸರು ಕೆಡ್ತದಲ್ಲ."

"ಅದು ಕೆಟ್ಟು ಏಳು ವರ್ಷ ಆಯ್ತು," ಎಂದು ಆಕೆ ಒಲೆಗೆ ಪುಳ್ಳೆ ತುರುಕಿದಳು.

ಎಂಟು ಗಂಟೆಗೆ ಒಂದು ಕಪ್ಪು ಕಾರು ಶೆಡ್ಡಿನ ಮುಂದೆ ನಿಂತಿತು. ಇಳಿದ ನಂಜಪ್ಪನವರಿಗೆ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮಫ್ಲರ್. ಎಂಜಿನ್ನಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ಕೈಸನ್ನೆ ಮಾಡಿ ಬೆಂಕಿಯ ಹತ್ತಿರ ಕೂತರು. ಎಂಜಿನ್ ಸುಖವಾಗಿ ಗುಂಯ್‌ಗುಡುತ್ತಿತ್ತು. ಕಿಟಕಿಯಲ್ಲಿ ಬೋರಲು ತಟ್ಟೆ ಕಾಣಿಸಿತು.

ನಂಜಪ್ಪ ಪೂವಯ್ಯನವರ ಕಡೆ ಬಾಗಿ, "ಗಂಡನಿಗೆ ಇವತ್ತು ಊಟ ಇಲ್ವಂತಾ?" ಎಂದು ಪಿಸುಗುಟ್ಟಿದರು.

ಶಾಂತಪ್ಪ ಗಲಿಬಿಲಿಗೊಂಡು ಎಲ್ಲ ನಟ್ಟುಗಳನ್ನೂ ಒಂದು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿದ. ಅಷ್ಟರಲ್ಲಿ ನಂಜಪ್ಪ ಪ್ರಶ್ನೆ ಕೇಳಲು ಶುರುಮಾಡಿದರು. ಎಷ್ಟು ಜನ ಮಕ್ಕಳು? ಪೊರಕೆ ಎದ್ದಿತು. "ಹೌದು ಹೌದು, ಚಳಿ ಜಾಸ್ತಿನೇ." ಸ್ವಂತ ಗದ್ದೆ ಇದೆಯೇ? ಪೊರಕೆ. "ಹೌದು ಹೌದು." ಮಗಳು ಎಷ್ಟು ಓದಿದ್ದಾಳೆ? ಪೊರಕೆ. "ಈ ಸಲ ಮಂಜೂ ಹಂಗೇ ಬೀಳ್ತಾ ಐತೆ." ಒಂದೊಂದು ಸಲಕ್ಕೂ ಮಗಳ ಸಂಬಂಧ ದೂರವಾಗುತ್ತಿದೆಯೆಂದು ರುದ್ರಮ್ಮನಿಗೆ ಗೊತ್ತಿತ್ತು. ಆದರೂ ಎತ್ತುತ್ತಲೇ ಇದ್ದಳು. ನಾನು ಆಣೆ ಮಾಡಿದ್ದ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ.

ಹನ್ನೊಂದನೆಯ ಸಲಕ್ಕೆ ನಂಜಪ್ಪ ಎದ್ದು ನಿಂತರು. ಸಿಟ್ಟಿಗೆ ಸೆಕೆಯಾಗಿರಬೇಕು, ಮಫ್ಲರನ್ನು ಎಳೆದು ಕುತ್ತಿಗೆಗೆ ಇಳಿಸಿದರು. ಈಗ ಅವರ ಬಾಯಿ ಪೂರ್ತಿ ಕಂಡಿತು.

"ಸಾಕು ಸ್ವಾಮಿ. ನಾನು ಕುಶಾಲನಗರದ ನಂಜಪ್ಪ. ನಿಮ್ಮ ಹುಡುಗೀನ ಕೇಳಾಣ ಅಂತ ಬಂದಿದ್ದೆ. ಪೊರಕೆ ರುದ್ರಮ್ಮ ಅಂತ ಊರೆಲ್ಲ ಅಂತಿದ್ರು, ನಾನು ನಂಬಿರಲಿಲ್ಲ. ಗಂಡನ್ನ ಪೊರಕೇಲಿ ಆಡಿಸೋ ಮನೆ ಹೆಣ್ಣು ನನ್ನ ಮಗನಿಗೆ ಬೇಡ."

ಶಾಂತಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಮುಖದ ನಗು ನಿಧಾನವಾಗಿ ಇಳಿಯಿತು. ಆಗ ನನಗೆ ಹೊಳೆಯಿತು. ಏಳು ವರ್ಷ ಇಡೀ ಸೀಮೆ ಆ ಹೆಸರನ್ನು ಕೂಗಿತ್ತು. ಅದು ಗೊತ್ತಿಲ್ಲದಿದ್ದವನು ಅವನೊಬ್ಬನೇ.

"ಏನಂದ್ರಿ?" ಎಂದ. "ಏನಂತಾರೆ ನನ್ನ ಹೆಂಡ್ತಿಗೆ?"

ಅವನು ನನ್ನ ಕಡೆ ತಿರುಗಿ, "ಮಾಸ್ಟ್ರೆ, ಮಫ್ಲರ್ ತೆಗೀರಿ. ನಿಜ ಹೇಳಿ," ಎಂದ.

ತೆಗೆದೆ. "ನಿಜ ಶಾಂತಪ್ಪ. ಹೆಸರಿಟ್ಟಿದ್ದು ನಾನು."

ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ಎಣ್ಣೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಎಲ್ಲಾರೂ ಕೇಳಿ. ನಂಗೆ ಕಿವಿ ಕೇಳಕಿಲ್ಲ. ಏಳು ವರ್ಷ ಆಯ್ತು, ಸಿಡಿಲು ಹೊಡೆದ್ರೂ ಗೊತ್ತಾಗಕಿಲ್ಲ. ನಿಮ್ಮ ಗಾಡಿಗೆಲ್ಲ ಏನಾಗೈತೆ ಅಂತ ಕೇಳಿ ಹೇಳಿದ್ದು ಅವಳು. ನಾನು ಬರೀ ಬಿಚ್ಚಿ ಕಟ್ಟೋನು. ನೀವು ಮಾತಾಡಿಸಿದ್ರೆ ನನ್ನ ಮಾನ ಹೋಗಬಾರದು ಅಂತ ಪೊರಕೆ ತೋರಿಸ್ತಿದ್ಲು. ಕಿವುಡನ ಹತ್ರ ಗಾಡಿ ಬಿಡಕೆ ಇಷ್ಟ ಇಲ್ಲದೋರು ಇವತ್ತೇ ತಗೊಂಡು ಹೋಗಿ." ಆಮೇಲೆ ನಂಜಪ್ಪನವರ ಕಡೆ ತಿರುಗಿದ. "ನಿಮ್ಮ ಕಾರಿಗೆ ಏನೂ ಆಗಿಲ್ಲ. ಬೋರಲು ತಟ್ಟೆ ಅಂದ್ರೆ ಅದೇ. ಅವಳು ಆವಾಗಲೇ ಹೇಳಿದ್ಲು. ನನಗೇ ನಂಬಿಕೆ ಬರಲಿಲ್ಲ, ದೊಡ್ಡೋರು ಸುಳ್ಳು ಹೇಳ್ತಾರಾ ಅಂತ."

ನಂಜಪ್ಪನವರ ಮುಖ ಟೈರಿನ ಬೆಂಕಿಗಿಂತ ಕೆಂಪಗಾಯಿತು. ಮಫ್ಲರನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ತಂಗಿ, ತಪ್ಪಾಯ್ತು. ಹುಡುಗನ್ನ ಸೋಮವಾರ ಕರ್ಕೊಂಡು ಬರ್ತೀನಿ, ಒಪ್ಪಿದ್ರೆ," ಎಂದರು. ಒಪ್ಪುವುದು ಬಿಡುವುದು ಈಗ ಕಿಟಕಿಯ ಆ ಕಡೆಯವರ ಕೈಯಲ್ಲಿತ್ತು.

ಪೂವಯ್ಯ ಮಾತ್ರ ಸಿಟ್ಟಾಗಿದ್ದರು. "ಏಳು ವರ್ಷ ಮಾರಾಯ! ಏಳು ವರ್ಷ ನಾನು ಲೈನಿನವರ ತಕರಾರೆಲ್ಲ ಇವನಿಗೆ ಹೇಳಿ ಮನಸ್ಸು ಹಗುರ ಮಾಡಿಕೊಂಡೆ, ಒಂದೂ ಕೇಳಿಲ್ವಾ?" ಎಂದು ಗದರಿದವರು, ಎದ್ದು ಹೋಗಿ ತಮ್ಮ ಜೀಪನ್ನು ತಾವೇ ನಿಂತು ದೂಡಿಸಿ ಅಡುಗೆಮನೆ ಕಿಟಕಿಗೆ ಇನ್ನಷ್ಟು ಹತ್ತಿರ ನಿಲ್ಲಿಸಿದರು. ರುದ್ರಮ್ಮನ ಕೊತ್ತಂಬರಿ ಮಡಿ ಚಕ್ರದಡಿ ಹೋಯಿತು. ಶೆಡ್ಡಿನಿಂದ ಒಂದು ಗಾಡಿಯನ್ನೂ ಯಾರೂ ವಾಪಸ್ಸು ಒಯ್ಯಲಿಲ್ಲ.

ಇದ್ಯಾವುದೂ ಶಾಂತಪ್ಪನಿಗೆ ಗೊತ್ತಿಲ್ಲ. ಅವನು ಆಗಲೇ ಕಿಟಕಿಯ ಮುಂದೆ ನಿಂತಿದ್ದ. ಕಿವುಡರಿಗೆ ಪಿಸುಮಾತು ಬರುವುದಿಲ್ಲ, ಅವನು ಕೇಳಿದ್ದು ನಮಗೆಲ್ಲ ಕೇಳಿಸಿತು.

"ಏಳು ವರ್ಷ ಹಂಗೇ ಕರೀತಿದ್ರಾ ನಿನ್ನ? ನಂಗ್ಯಾಕೆ ಹೇಳಲಿಲ್ಲ?"

ರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅವನಿಗೆ ತುಟಿ ಸರಿಯಾಗಿ ಕಾಣಲೆಂದು ಸರಳಿನ ಹತ್ತಿರ ಬಂದಳು. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು.

"ನಂಗೆಲ್ಲಿ ಕೇಳಿಸ್ತಿತ್ತು ಅದೆಲ್ಲ? ನನ್ನ ಕಿವಿ ನಿಮ್ಮ ಕೆಲಸಕ್ಕೇ ಸಾಲ್ತಿರಲಿಲ್ಲ."