ಆಂಟಿಯ ಪ್ರಾರ್ಥನೆ, ನನ್ನ ಉಪವಾಸ

‘ಕರ್ತನೇ’ ಎಂದು ದೇವರನ್ನು ಕರೆಯುವ ಮೊದಲು ಆಂಟಿ ಮೂಗಿನಿಂದ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದರು, ಸಾರು ಹದಕ್ಕೆ ಬಂತೇ ಎಂದು ಮೂಸಿ ನೋಡುವವರ ಹಾಗೆ. ಆಮೇಲೆ ಕೊನೆಯ ಅಕ್ಷರವನ್ನು ಪಕ್ಕದ ಬೀದಿಯವರೆಗೂ ಎಳೆಯುತ್ತಿದ್ದರು.

ಭದ್ರಾವತಿಯ ನಮ್ಮ ಚರ್ಚಿನ ಮಹಿಳಾ ಕೂಟದಲ್ಲಿ ಅವರೇ ಹಿರಿಯರು. ನರ್ಸ್ ಆಗಿದ್ದು ನಿವೃತ್ತರಾದವರು, ಎಲ್ಲರಿಗೂ ಆಂಟಿ. ಮನೆಮಾತು ತಮಿಳು, ಪ್ರಾರ್ಥನೆ ಕನ್ನಡದಲ್ಲಿ. ಆ ಪ್ರಾರ್ಥನೆಯಲ್ಲಿ ದೇವರಿಗೆ ಊರಿನ ವರದಿ ಪೂರ್ತಿ ಸಲ್ಲುತ್ತಿತ್ತು. “ಕರ್ತನೇ, ನಿನಗೆ ಗೊತ್ತಿರೋ ಹಾಗೇ, ಓಲ್ಡ್ ಟೌನಲ್ಲಿ ಬೆಳಿಗ್ಗೆಯಿಂದ ನಲ್ಲಿ ಬಂದಿಲ್ಲಪ್ಪಾ. ಹೋಗ್ಲಿ, ಅದು ಬಿಡು. ಮೂಲೆಮನೆಯವರ ಮೊಣಕಾಲು ನೋಡು.”

ನಾನು ಮಾತು ಕಡಿಮೆಯವಳು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆಂಟಿಯ ದನಿ ಮಾತ್ರ ನನ್ನ ಗಂಟಲಿಗೆ ಉಸಿರಿನ ಸಮೇತ ಸಲೀಸಾಗಿ ಬರುತ್ತಿತ್ತು. ರಸಾಯನಶಾಸ್ತ್ರ ಪಾಠ ಮಾಡಲು ದಿನವೂ ಶಿವಮೊಗ್ಗಕ್ಕೆ ಹೋಗುವಾಗ, ಚರ್ಚಿನ ಹಾಡುಗುಂಪಿನ ಗೆಳತಿಯೊಬ್ಬಳು ಅದೇ ಬಸ್ಸಿನಲ್ಲಿ ಮಾಚೇನಹಳ್ಳಿಯವರೆಗೆ ಬರುತ್ತಿದ್ದಳು. ಅಲ್ಲಿನ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಟೈಪಿಸ್ಟು. ಅವಳಿಗಾಗಿ ನಾನು ಬಸ್ಸಿನ ಮೇಲೂ ಡ್ರೈವರ್ ಮೇಲೂ ಹಿಂದಿನ ಸೀಟಿನ ಕೋಳಿಬುಟ್ಟಿಯ ಮೇಲೂ ಆಂಟಿಯ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಅವಳು ಕರ್ಚೀಫು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕಾಲವಾದ ಲೆಂಟ್ ಶುರುವಾಗುವುದಕ್ಕೆ ತುಸು ಮುಂಚೆ, ಒಂದು ಬೆಳಿಗ್ಗೆ ಮಂಚದ ಪಕ್ಕ ಮಂಡಿಯೂರಿ ಕಣ್ಣು ಮುಚ್ಚಿದೆ. ನನ್ನ ಬಾಯಿಂದ ಆಂಟಿಯ ‘ಕರ್ತನೇ’ ಬಂತು. ನಗು ಬಂತು. ಮತ್ತೆ ಪ್ರಯತ್ನಿಸಿದೆ, ಅದೇ ರಾಗ. ಮರುದಿನವೂ ಅಷ್ಟೇ. ಚಿಕ್ಕಂದಿನಿಂದ ಯಾರಿಗೂ ಕೇಳದ ಹಾಗೆ ನಾನು ದೇವರ ಹತ್ತಿರ ಆಡುತ್ತಿದ್ದ ಮಾತು ಎಲ್ಲೋ ಹೋಗಿಬಿಟ್ಟಿತ್ತು. ಅದು ನನ್ನಲ್ಲಿದ್ದ ಒಂದೇ ಸಲಿಗೆಯ ಮಾತು. ಮೊದಲ ಸಲ ಹೆದರಿಕೆಯಾಯಿತು.

ಲೆಂಟಿನಲ್ಲಿ ನಮ್ಮವರು ಏನಾದರೊಂದನ್ನು ಬಿಡುತ್ತಾರೆ. ಅಮ್ಮ ಮಾಂಸ ಬಿಟ್ಟರು, ಗೆಳತಿ ಸಿನಿಮಾ ಬಿಟ್ಟಳು. ನಾನು ಆಂಟಿಯನ್ನು ಬಿಟ್ಟೆ. ಉಪವಾಸವನ್ನು ಜಾಹೀರು ಮಾಡಬಾರದೆಂದು ಕಲಿತಿದ್ದರಿಂದ ಯಾರಿಗೂ ಹೇಳಲಿಲ್ಲ.

ಬಿಟ್ಟ ಮೇಲೆ ತಿಳಿಯಿತು, ಊರೆಲ್ಲ ನನ್ನ ಅಣಕಕ್ಕೆ ಸಾಮಗ್ರಿ ಒದಗಿಸಲು ಕಾದಿದೆ ಎಂದು. ಬಸ್ಸು ಪಂಕ್ಚರಾಗುತ್ತಿತ್ತು. ಕಂಡಕ್ಟರು ಯಾರ ಜೊತೆಗೋ ಜಗಳಕ್ಕೆ ಬೀಳುತ್ತಿದ್ದ. ಗೆಳತಿ ಮೊಣಕೈಯಲ್ಲಿ ತಿವಿಯುತ್ತಿದ್ದಳು. “ಒಂದೇ ಸಲ ಮಾರಾಯ್ತಿ. ‘ನಿನಗೆ ಗೊತ್ತಿರೋ ಹಾಗೇ’ ಅಷ್ಟು ಸಾಕು.”

“ಇವತ್ತು ಬೇಡ.”

“ನಿನ್ನೆನೂ ಬೇಡ ಅಂದಿದ್ದೆ. ಏನ್ ಮೇಡಮ್ಮು, ಲೆಕ್ಚರರ್ ಆದ್ಮೇಲೆ ದೊಡ್ಡೋಳಾಗ್ಬಿಟ್ಯಾ?”

ದಿನವೂ ಬೆಳಿಗ್ಗೆ, ಮಾತು ಬಾರದಿದ್ದರೂ ಮಂಡಿಯೂರಿ, ನನ್ನ ನಾಲಿಗೆಯನ್ನು ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಮಾಚೇನಹಳ್ಳಿ ಬರುವಷ್ಟರಲ್ಲಿ ನಾಲಿಗೆ ತುದಿಯಲ್ಲಿ ಉಸಿರಿನ ಸಮೇತ ಆಂಟಿ ಸಿದ್ಧ. ಅದನ್ನು ನುಂಗಿ ಕಿಟಕಿಯಾಚೆ ನೋಡುತ್ತಿದ್ದೆ. ನಾಳೆಗೆ ಸುಲಭವಾದೀತು ಎಂದುಕೊಳ್ಳುತ್ತಿದ್ದೆ, ಆಗುತ್ತಿರಲಿಲ್ಲ. ನೆರವು ಮಾತ್ರ ಆ ದಿನಕ್ಕೆ ಸಾಕಾಗುವಷ್ಟು ಸಿಗುತ್ತಿತ್ತು.

ಈಸ್ಟರಿಗೆ ಒಂದು ವಾರ ಮುಂಚೆ, ಗರಿ ಹಿಡಿದು ಮೆರವಣಿಗೆ ಹೋಗುವ ಗರಿಗಳ ಭಾನುವಾರದ ಹಿಂದಿನ ಸಂಜೆ ಮನೆ ಪ್ರಾರ್ಥನೆ ನಮ್ಮಲ್ಲೇ ಇತ್ತು. ಹಾಡು ಮುಗಿದ ಮೇಲೆ ಪ್ರಾರ್ಥನೆಯ ಕೋರಿಕೆಗಳನ್ನು ಹೇಳುವುದು ವಾಡಿಕೆ: ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಮಗನ ಪರೀಕ್ಷೆ. ಗೆಳತಿ ಎದ್ದು ನಿಂತು ನನ್ನತ್ತ ನೋಡದೆ ಹೇಳಿದಳು, “ಇವಳು ಯಾಕೋ ಮುಂಚಿನ ಥರ ಇಲ್ಲ ಆಂಟಿ. ನಗೋದೇ ಬಿಟ್ಟಿದಾಳೆ.” ಅವಳ ಮುಖದಲ್ಲಿ ತುಂಟತನವಿರಲಿಲ್ಲ. ನಿಜವಾಗಿಯೂ ಗಾಬರಿಯಾಗಿದ್ದಳು.

ಆಂಟಿ ನನ್ನ ನೆತ್ತಿಯ ಮೇಲೆ ಕೈಯಿಟ್ಟರು. ಉಸಿರು ಎಳೆದರು.

“ಕರ್ತನೇ, ನಿನಗೆ ಗೊತ್ತಿರೋ ಹಾಗೇ, ಈ ಮಗು ಎಂ.ಎಸ್ಸಿ. ಓದಿದಾಳೆ. ಕಾಲೇಜಲ್ಲಿ ಪಾಠ ಹೇಳ್ತಾಳೆ. ಸ್ವಲ್ಪ ಇಳಿದುಹೋಗಿದಾಳೆ. ಗಂಡಿನ ವಿಷಯನೋ ಏನೋ, ನಾನು ಕೇಳಕ್ಕೆ ಹೋಗಲ್ಲಪ್ಪಾ, ಮರ್ಯಾದೆ ಅಲ್ಲ. ನೀನೇ ಕೇಳು. ಇವಳ ಬಾಯಿ ಬಿಡಿಸು.”

ಪಕ್ಕದಲ್ಲಿ ಗೆಳತಿಯ ಭುಜ ಕುಲುಕತೊಡಗಿತು. ನಾನು ದುಪ್ಪಟ್ಟಾ ಕಚ್ಚಿಕೊಂಡೆ. ನಗು ಹೊಟ್ಟೆಯಿಂದ ಮೇಲಕ್ಕೆ ಬರುತ್ತಿರುವಾಗಲೇ, ನೆತ್ತಿಯ ಮೇಲಿನ ಕೈ ನನ್ನ ಕೂದಲನ್ನು ಮೆಲ್ಲಗೆ ಸವರತೊಡಗಿತು. ಅವರು ನನಗಾಗಿ ನಿಜಕ್ಕೂ ಕೇಳುತ್ತಿದ್ದರು. ‘ಬಿಡಿಸು’ ಎನ್ನುವಲ್ಲಿ ದನಿ ಒಡೆದು, ಆಮೆನ್ ಬರೀ ಗಾಳಿಯಾಗಿ ಹೊರಬಂತು.

ಎಲ್ಲರೂ ಕಾಫಿ ಕುಡಿಯುವಾಗ ಅವರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. “ನಾಳೆ ಮೆರವಣಿಗೆ ಹೊರಡೋ ಮುಂಚೆ ಹೆಂಗಸರ ಪ್ರಾರ್ಥನೆ ನನ್ನದು. ಗಂಟಲು ನೋಡಮ್ಮಾ, ತೂತು ಬಿದ್ದ ಹಾರ್ನು. ನೀನು ಮಾಡು ಕಣ್ಣಾ.”

“ನನಗೆ ಜೋರಾಗಿ ಪ್ರಾರ್ಥನೆ ಮಾಡಕ್ಕೆ ಬರಲ್ಲ ಆಂಟಿ.”

“ಕರ್ತನೇ ಅಂತ ಕರಿ. ಮಿಕ್ಕಿದ್ದು ಅವನೇ ನೋಡ್ಕೋತಾನೆ.”

ನನ್ನ ಕಷ್ಟವೆಲ್ಲ ಆ ಒಂದು ಕರೆಯಲ್ಲೇ ಇತ್ತು. ಗೆಳತಿ ಗೇಟಿನವರೆಗೆ ನನ್ನನ್ನು ಎಳೆದುಕೊಂಡು ಹೋದಳು. “ದೇವರೇ ಸ್ಟೇಜ್ ಹಾಕಿ ಕೊಟ್ಟಿದಾನೆ ಮಾರಾಯ್ತಿ! ಅವರ ಥರಾನೇ ಮಾಡ್ಬಿಡು, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.”

ನಿಜ, ಗೊತ್ತಾಗುತ್ತಿರಲಿಲ್ಲ. ಕಷ್ಟವಿಲ್ಲದೆ, ತಡವರಿಸದೆ ಮುಗಿಸಬಹುದಿತ್ತು. ನನ್ನಂಥ ಸಂಕೋಚದವಳಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೇನಿದೆ?

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ತೆಂಗಿನ ಗರಿ ಹಿಡಿದು ಚರ್ಚಿನ ಅಂಗಳದಲ್ಲಿ ತಲೆ ಬಾಗಿಸಿದರು. ಕಣ್ಣು ಮುಚ್ಚಿದೊಡನೆ ನನ್ನ ಮೂಗು ಆಂಟಿಯ ಹಾಗೇ ಉಸಿರು ಎಳೆಯಿತು. ಕಣ್ಣು ತೆರೆದುಬಿಟ್ಟೆ. ಪ್ರಾರ್ಥನೆ ನಡೆಸುವವರು ಹಾಗೆ ಮಾಡುವುದಿಲ್ಲ, ಆದರೆ ನಾನು ತೆರೆದೇ ಇಟ್ಟುಕೊಂಡೆ. ಕತ್ತಿಗೆ ಮಫ್ಲರು ಸುತ್ತಿದ ಆಂಟಿ ಕಂಡರು. ಅಮ್ಮ ಕಂಡರು. ಒಂದು ಕಣ್ಣು ಬಿಟ್ಟು ನನ್ನನ್ನೇ ಕಾಯುತ್ತಿದ್ದ ಗೆಳತಿ ಕಂಡಳು. ಸಿಕ್ಕಿಬಿದ್ದು ಗಕ್ಕನೆ ಮುಚ್ಚಿದಳು.

“ಕರ್ತನೇ,” ಎಂದೆ. ತೆಳುವಾಗಿ, ಸ್ವಲ್ಪ ಬಿರುಕಾಗಿ, ನನ್ನದೇ ದನಿ. ಹಿಂದಿನ ಸಾಲಿನವರಿಗೆ ಕೇಳಿಸಿತೋ ಇಲ್ಲವೋ. ಬೆಳಗಿಗಾಗಿ ಸ್ತೋತ್ರ ಹೇಳಿದೆ. ಆಂಟಿಯ ಗಂಟಲನ್ನು ಗುಣಪಡಿಸು ಎಂದೆ. ನಮ್ಮ ಜೊತೆ ನಡೆದು ಬಾ ಎಂದೆ. ಅಷ್ಟರಲ್ಲಿ ಮಾತು ಮುಗಿಯಿತು.

“ಇಷ್ಟೇನಾ? ಬಸ್ ಟಿಕೆಟ್ಟಷ್ಟೂ ಇಲ್ಲ!” ಎಂದಳು ಗೆಳತಿ.

ನಾನು ಜೋರಾಗಿ ನಕ್ಕು, ಗರಿ ಎತ್ತಿಕೊಂಡು, ಎಲ್ಲರ ಜೊತೆ ‘ಹೊಸನ್ನ’ ಎಂದು ಜಯಕಾರ ಕೂಗುತ್ತ ರಸ್ತೆಗೆ ಇಳಿದೆ.